‘ಏನ್ ಸಾರು?’: ಕಲ್ಪತರು ಸೀಮೆಯ ದಿಢೀರ್ ಊಟದ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಜಿಜ್ಞಾಸೆಯಿಂದಲೇ ಶುರುವಾಗಬೇಕು. ಪ್ರಕೃತ ಗ್ರಂಥದ ಜಿಜ್ಞಾಸೆ ‘ಏನ್ ಸಾರು?’ ಎಂಬುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ದೀಪ ಹಚ್ಚಿದ ಮೇಲೆ ಎದುರು ಸಿಕ್ಕವರು, ಕಾಂಪೌಂಡಿನಾಚೆ ಇಣುಕಿದವರು, ಬೆಂಗಳೂರಿನ ಮಗಳಿಗೆ ಫೋನ್ ಮಾಡಿದವರು ಎಲ್ಲರೂ ಕೇಳುವ ಪ್ರಶ್ನೆ ಇದೊಂದೇ. ಇದು ಬರೀ ಉಪಚಾರದ ಮಾತು, ಕೇಳುವವರಿಗೆ ಉತ್ತರ ಬೇಕಿಲ್ಲ ಎಂದು ಕೆಲವು ಮೇಲ್ನೋಟದ ಪಂಡಿತರು ವಾದಿಸುವುದುಂಟು. ಅವರು ಈ ಸೀಮೆಯಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಉತ್ತರ ಬೇಕು, ವಿವರವಾಗಿಯೇ ಬೇಕು. ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಹೋದಾಗ ಅದನ್ನು ಇನ್ನೊಬ್ಬರಿಗೆ ಒಪ್ಪಿಸುವ ಜವಾಬ್ದಾರಿ ಇರುತ್ತದೆ.

ಹಿಂದೆ ಉತ್ತರದಲ್ಲಿ ತೊಡಕಿರಲಿಲ್ಲ. ಬಸ್ಸಾರು, ಉಪ್ಪೆಸರು, ಅವರೆಕಾಳು ಸಾರು, ಅದ್ಯಾವುದೂ ಇಲ್ಲದ ದಿನ ಬರೀ ಹುಚ್ಚೆಳ್ಳು ಚಟ್ನಿ. ಹೇಳಿದ್ದೂ ಮಾಡಿದ್ದೂ ಒಂದೇ ಆಗಿತ್ತು. ಈಗ ತಟ್ಟೆಯಲ್ಲಿರುವುದು ಅಂಗಡಿಯ ಪುಳಿಯೋಗರೆ ಪುಡಿ ಕಲಸಿದ ಅನ್ನ, ಇಲ್ಲವೇ ಪ್ಯಾಕೆಟ್ ಹಿಟ್ಟಿನ ದೋಸೆ, ಇಲ್ಲವೇ ನೀರು ಕುದಿಸಿ ಸುರಿದ ಶಾವಿಗೆ. ಇದನ್ನು ‘ಮಾಡಿದೆ’ ಎನ್ನಬಹುದೇ? ಎಂದರೆ, ಎಷ್ಟು ಗಟ್ಟಿಯಾಗಿ?

ಮೊದಲು ಪೂರ್ವಪಕ್ಷ. ಇದನ್ನು ಮಂಡಿಸುವವರು ಸಾಮಾನ್ಯವಾಗಿ ಜಗಲಿಯ ಮೇಲೆ ಕುಳಿತು ಎಲೆಅಡಿಕೆ ಹಾಕಿಕೊಳ್ಳುತ್ತಿರುವ ಅತ್ತೆಯವರು. “ಹತ್ತು ನಿಮಿಷಕ್ಕೆ ಆಗೋದು ಅಡ್ಗೆ ಅಲ್ಲ ಕಣವ್ವ, ಬಿಸಿ ಮಾಡೋದು” ಎಂಬುದು ಅವರ ಸೂತ್ರ. ಈ ಪಕ್ಷಕ್ಕೆ ಗ್ರಂಥಾಧಾರವನ್ನೂ ಒದಗಿಸಬಹುದು. ಚಾವುಂಡರಾಯ 1025ರಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದರಿಂದ ಹಿಡಿದು ಅಡುಗೆಯವರೆಗೆ ಎಲ್ಲವೂ ಇದೆ, ಪ್ಯಾಕೆಟ್ ಇಲ್ಲ. 16ನೇ ಶತಮಾನದ ಮಂಗರಸ ‘ಸೂಪಶಾಸ್ತ್ರ’ ಎಂದು ಇಡೀ ಒಂದು ಪಾಕಗ್ರಂಥವನ್ನೇ ಷಟ್ಪದಿಯಲ್ಲಿ ರಚಿಸಿದ, ಅದರಲ್ಲೂ ಇಲ್ಲ. ಆದ್ದರಿಂದ ಪ್ಯಾಕೆಟ್ ಅಶಾಸ್ತ್ರೀಯ.

ಇದಕ್ಕೆ ಖಂಡನೆ ಸುಲಭ. ಲೋಕೋಪಕಾರದಲ್ಲಿ ಮೆಣಸಿನಕಾಯಿಯೂ ಇಲ್ಲ, ಇರಲು ಸಾಧ್ಯವೂ ಇಲ್ಲ. ಅದು ಅಮೆರಿಕ ಖಂಡದ ಬೆಳೆ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬರುವ ಹೊತ್ತಿಗೆ ಚಾವುಂಡರಾಯ ತೀರಿಕೊಂಡು ನಾನೂರು ವರ್ಷಗಳ ಮೇಲಾಗಿತ್ತು. ಹಾಗೆಂದು ಯಾವ ಅತ್ತೆಯವರೂ ಶಾಸ್ತ್ರನಿಷ್ಠೆಯಿಂದ ಸಾರಿಗೆ ಖಾರ ಬಿಟ್ಟದ್ದು ಕಂಡುಬಂದಿಲ್ಲ.

ಪ್ಯಾಕೆಟ್ ಯುಗದ ಚರಿತ್ರೆಯನ್ನು ಚುಟುಕಾಗಿ ಹೇಳಿ ಮುಂದೆ ಹೋಗೋಣ. ಬೆಂಗಳೂರಿನಲ್ಲಿ 1924ರಲ್ಲಿ ಶುರುವಾದ ಹೋಟೆಲು ಎಂಟಿಆರ್. ಎರಡನೇ ಮಹಾಯುದ್ಧದ ಕಾಲಕ್ಕೆ ಅಕ್ಕಿಗೆ ಅಭಾವ ಬಂದಾಗ ಅಲ್ಲಿ ಗೋಧಿರವೆಯಲ್ಲಿ ಇಡ್ಲಿ ಮಾಡಿದರು. ತುರ್ತುಪರಿಸ್ಥಿತಿಯ ಕಾಲಕ್ಕೆ ಸರ್ಕಾರ ಹೋಟೆಲ್ ತಿಂಡಿಯ ಬೆಲೆಯನ್ನೇ ಹಿಡಿದು ಕಟ್ಟಿದಾಗ ಆ ಬೆಲೆಗೆ ತಿಂಡಿ ಕೊಡಲಾಗದೆ ಪುಡಿ, ಮಿಕ್ಸುಗಳ ಮಾರಾಟಕ್ಕೆ ಇಳಿದರು. 2007ರಲ್ಲಿ ಆ ಪುಡಿಯ ಕಂಪನಿಯನ್ನು ನಾರ್ವೆಯ ಓರ್ಕ್ಲಾ ಕೊಂಡುಕೊಂಡಿತು. ಒಂದು ಯುದ್ಧ, ಒಂದು ತುರ್ತುಪರಿಸ್ಥಿತಿ, ಒಂದು ವಿದೇಶೀ ಒಡೆತನ: ಇಷ್ಟನ್ನು ದಾಟಿ ಬಂದ ವಸ್ತುವನ್ನು ‘ಬರೀ ಪುಡಿ’ ಎನ್ನುವುದು ಇತಿಹಾಸಕ್ಕೆ ಮಾಡುವ ಅವಮಾನ.

ಇನ್ನು ಸಿದ್ಧಾಂತ. ಪ್ಯಾಕೆಟ್ಟನ್ನು ಬೈಯುವ ಅತ್ತೆಯವರು ಎಲ್ಲಿ ಕುಳಿತಿದ್ದಾರೆ? ಅವರ ತಲೆಯ ಮೇಲೇನಿದೆ? ಅಟ್ಟ. ಬಲಿತ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಅಲ್ಲಿಗೆ ಏರಿಸಿ ಹರಡಿದ್ದಾರೆ. ಹತ್ತು ಹನ್ನೆರಡು ತಿಂಗಳು ಅವನ್ನು ಯಾರೂ ಮಾತನಾಡಿಸುವುದಿಲ್ಲ. ಒಳಗಿನ ನೀರು ತಾನಾಗಿಯೇ ಇಂಗುತ್ತದೆ, ತಿರುಳು ಒಣಗಿ ಕರಟದಿಂದ ಬಿಡುತ್ತದೆ. ಮನೆಯ ಹಿರಿಯರು ಏಣಿ ಹತ್ತಿ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಾರೆ. ಕಣ್ಣು ಅರೆ ಮುಚ್ಚಿರುತ್ತದೆ, ಕೆಳಗೆ ನಿಂತ ಹುಡುಗರು ಗಲಾಟೆ ಮಾಡಿದರೆ ಬೈಗುಳ ಬೀಳುತ್ತದೆ. ನೀರು ಕುಲುಕಿದರೆ ಕಾಯಿ ಇದ್ದಲ್ಲಿಗೇ ವಾಪಸ್. ಉಂಡೆ ಕರಟಕ್ಕೆ ಬಡಿದು ಗಡಗಡ ಎಂದರೆ ಕೊಬ್ಬರಿ ತಯಾರು. ಆಮೇಲೆ ಸಿಪ್ಪೆ ಸುಲಿದು, ಒಳಗಿನ ಉಂಡೆಗೆ ಏಟು ಬೀಳದಂತೆ ಕರಟವನ್ನು ಚೂರು ಚೂರೇ ಬಿಡಿಸುತ್ತಾರೆ. ಕೈ ತಪ್ಪಿ ಉಂಡೆ ಹೋಳಾಯಿತೋ, ಮಾರುಕಟ್ಟೆಯಲ್ಲಿ ಅದರ ದರ್ಜೆಯೂ ಇಳಿಯಿತು.

ಈಗ ತರ್ಕಕ್ಕೆ ಹಚ್ಚಿ ನೋಡಿ. ಗಾಳಿಯಾಡದ ಗಟ್ಟಿ ಹೊದಿಕೆ, ಅದರ ಮೇಲೆ ನಾರಿನ ಇನ್ನೊಂದು ಹೊದಿಕೆ, ಒಳಗೆ ಬೆಂಕಿ ಸೋಕದೆ ಸಿದ್ಧವಾದ ಆಹಾರ, ಬೇಕೆಂದಾಗ ಒಡೆದು ತಿನ್ನುವ ಅನುಕೂಲ, ತಯಾರಿಸಿದವರ ಶ್ರಮ ಹತ್ತು ತಿಂಗಳು ಸುಮ್ಮನಿರುವುದು. ಇದು ಪ್ಯಾಕೆಟ್ ಅಲ್ಲದಿದ್ದರೆ ಜಗತ್ತಿನಲ್ಲಿ ಯಾವುದೂ ಪ್ಯಾಕೆಟ್ ಅಲ್ಲ. ಮುಕ್ತಾಯದ ದಿನಾಂಕ ಮುದ್ರಿಸಿಲ್ಲ ಎಂಬ ಒಂದು ಕೊರತೆ ಬಿಟ್ಟರೆ ಕಾನೂನಿಗೂ ಇದು ಬಹುಮಟ್ಟಿಗೆ ಒಪ್ಪಿತವೇ. ಅದೇ ಮನೆಯ ಡಬ್ಬದಲ್ಲಿ ಹುರಿಹಿಟ್ಟೂ ಇದೆ. ಅರಳಿಸಿ ಬೀಸಿದ ರಾಗಿ, ಮೊಸರಿಗೋ ಬೆಲ್ಲದ ನೀರಿಗೋ ಕಲಸಿದರೆ ಊಟ. ಎರಡು ನಿಮಿಷದ ಮ್ಯಾಗಿ ಈ ದೇಶಕ್ಕೆ 1983ರಲ್ಲಿ ಬಂತು. ಹುರಿಹಿಟ್ಟಿಗೆ ಎರಡು ನಿಮಿಷವೂ ಬೇಡ, ಒಲೆಯೂ ಬೇಡ. ಆದ್ದರಿಂದ ದಿಢೀರ್ ಆಹಾರವು ಸೊಸೆ ತಂದ ಅನಿಷ್ಟವಲ್ಲ, ಅತ್ತೆಯ ಕಡೆಯ ಆಸ್ತಿ.

ಇಷ್ಟು ಸಾಧಿಸಿದರೂ ಸೊಸೆಗೆ ಧೈರ್ಯ ಬರುವುದಿಲ್ಲವೆಂಬುದು ಬೇರೆ ಮಾತು. ಅದಕ್ಕಾಗಿಯೇ ಈ ಸೀಮೆಯಲ್ಲಿ ತುರಿ ಸಂಸ್ಕಾರವೆಂಬ ವಿಧಿ ರೂಢಿಗೆ ಬಂದಿದೆ. ಯಾವುದರ ಮೇಲೆ ಮನೆಯ ಕಾಯಿತುರಿ ಬಿದ್ದಿದೆಯೋ ಅದು ಮನೆಯ ಅಡುಗೆ, ಇಷ್ಟೇ ಸೂತ್ರ. ಉಪ್ಪಿಟ್ಟಿನ ಮಿಕ್ಸಿಗೆ ತುರಿ ಬಿದ್ದ ಕೂಡಲೇ ಅದಕ್ಕೆ ಗೋತ್ರ ಬರುತ್ತದೆ. ತಿಪಟೂರಿನಲ್ಲಿ ನೂಡಲ್ಸಿನ ಮೇಲೂ ತುರಿ ಉದುರಿಸುವ ಒಂದು ಉಗ್ರ ಪಂಥವಿದೆ. ಅದರ ಬಗ್ಗೆ ಈ ಗ್ರಂಥ ಮೌನ ವಹಿಸುತ್ತದೆ.

ತುರಿ ಬಿದ್ದ ಮೇಲೆ ಅದನ್ನು ಹೇಳುವ ಕ್ರಮವುಂಟು. ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಅವರ ತಾಲ್ಲೂಕಿನಲ್ಲಿ ಧ್ವನಿ ಸಿದ್ಧಾಂತ ಅಡುಗೆಮನೆಯವರೆಗೂ ಇಳಿದಿರುವುದರಲ್ಲಿ ಆಶ್ಚರ್ಯವೇನು? ಲಕ್ಷ್ಯ ನೋಡಿ.

“ಏನಕ್ಕಾ ಸಾರು?”

“ಸಾರೇನಿಲ್ಲ ಕಣೇ, ಕಾಯಿ ಹಾಕಿ ಒಂಚೂರು ಪುಳಿಯೋಗರೆ ಕಲಸ್ದೆ.”

“ಒಳ್ಳೇದಾಯ್ತು ಬಿಡಕ್ಕ. ನಮ್ದೂ ಹಂಗೇ.”

ಇಲ್ಲಿ ವಾಚ್ಯಾರ್ಥ: ಕಾಯಿ ಹಾಕಿದೆ. ಲಕ್ಷ್ಯಾರ್ಥ: ಇವತ್ತು ತೋಟದಿಂದ ಬರುವುದು ತಡವಾಯಿತು. ವ್ಯಂಗ್ಯಾರ್ಥ: ಪ್ಯಾಕೆಟ್, ಯಾವುದೆಂದು ಕೇಳಬೇಡ. ಮೂರನೆಯ ಸಾಲಿನವರು ಕೇಳಲಿಲ್ಲ. ಅಲಂಕಾರಶಾಸ್ತ್ರದಲ್ಲಿ ಇಂಥವರನ್ನೇ ಸಹೃದಯರು ಎನ್ನುವುದು. “ಎಂಥ ಪುಡಿ? ನೀವೇ ಕುಟ್ಟಿದ್ರಾ?” ಎಂದು ಮುಂದುವರಿಸುವವರಿಗೆ ರಸಾಸ್ವಾದ ದಕ್ಕದು, ಮಾರನೆಯ ದಿನದಿಂದ ಹಾಲಿಗೆ ಹೆಪ್ಪೂ ದಕ್ಕದು.

ತುರಿಯ ಪ್ರಮಾಣ ಸ್ಥಿರವಲ್ಲ, ಅದು ತಿಪಟೂರು ಎಪಿಎಂಸಿಯ ಹರಾಜಿಗೆ ಕಟ್ಟುಬಿದ್ದಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ರೈತರು ಬೀದಿಗಿಳಿದು ಹೋರಾಡಿದರು. ಮನೆಯೊಳಗೆ ಮಾತ್ರ ಕಾಯಿಗೆ ಬರವಿರಲಿಲ್ಲ, ಚಟ್ನಿ ಗಟ್ಟಿಯಾಗಿತ್ತು, ತುರಿಯ ಅಡಿಯಲ್ಲಿ ಉಪ್ಪಿಟ್ಟು ಹುಡುಕಬೇಕಿತ್ತು. 2025ರಲ್ಲಿ ಬೆಲೆ 25,000 ದಾಟಿತು. ಸಂತೋಷವೇ, ಆದರೆ ಅಟ್ಟಕ್ಕೆ ಬೀಗ ಬಿತ್ತು. ತುರಿ ಎರಡು ಬೆರಳಿನ ಚಿಟಿಕೆಗೆ ಇಳಿದು, ಸಾಲದೆ ಬಂದ ಕಡೆ ಹುರಿಗಡಲೆ ಬಂದು ಕೂತಿತು. ಕಾಯಿ ಅಗ್ಗವಾದರೆ ಹೊಟ್ಟೆ ತಂಪು, ತುಟ್ಟಿಯಾದರೆ ಜೇಬು ತಂಪು. ಎರಡೂ ಒಟ್ಟಿಗೆ ತಂಪಾದ ವರ್ಷವನ್ನು ಈ ಸೀಮೆ ಇನ್ನೂ ಕಾಣಬೇಕಿದೆ.

ಒಂದು ಪ್ರಕರಣ ಮಾತ್ರ ಇನ್ನೂ ವಿವಾದದಲ್ಲಿದೆ. ತಿಪಟೂರಿನ ಸುತ್ತ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಗಳಿವೆ. ಇಲ್ಲಿನ ತೋಟದ ಕಾಯಿ ಅಲ್ಲಿಗೆ ಹೋಗಿ, ಒಣಪುಡಿಯಾಗಿ, ಪೊಟ್ಟಣ ಸೇರಿ, ಬೆಂಗಳೂರಿನ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಅಪ್ಪ ಬಸ್ಸಿನಲ್ಲಿ ಕಳಿಸಿದ ಕಾಯಿಯ ಚೀಲ ಬಾಲ್ಕನಿಯಲ್ಲೇ ಇದ್ದರೂ ಒಡೆಯಲು ಕತ್ತಿಯಿಲ್ಲದ, ತುರಿಯುವ ಮಣೆಯಿಲ್ಲದ ಮಗಳು ಆ ಪೊಟ್ಟಣವನ್ನು ಕೊಂಡು ಪ್ಯಾಕೆಟ್ ವಾಂಗೀಬಾತಿನ ಮೇಲೆ ಉದುರಿಸಿ, ಫೋಟೋ ತೆಗೆದು, ‘ನಮ್ಮನೆ ಕಾಯಿ’ ಎಂದು ಅಮ್ಮನಿಗೆ ಕಳಿಸುತ್ತಾಳೆ. ಇಲ್ಲಿ ಸಂಸ್ಕಾರ ಸಿದ್ಧಿಸಿತೇ? ನಮ್ಮ ತೀರ್ಪು: ಸಿದ್ಧಿಸಿತು. ಆ ಪೊಟ್ಟಣದಲ್ಲಿ ಅವರ ತೋಟದ ಕಾಯಿ ಇಲ್ಲವೆಂದು ಸಾಧಿಸುವ ಭಾರ ಪೂರ್ವಪಕ್ಷದ್ದು.

ಕೊನೆಗೆ ಓದುಗರಿಗೆ ಒಂದು ಮಾತು. ಪುಳಿಯೋಗರೆ ಪುಡಿ ಕಲಸುವ ಮುಂಚೆ ಅನ್ನವನ್ನು ಅಗಲ ತಟ್ಟೆಗೆ ಹರಡಿ, ಎರಡು ಚಮಚ ಎಣ್ಣೆ ಬಿಟ್ಟು ಆರಲು ಬಿಡಿ. ಬಿಸಿ ಅನ್ನಕ್ಕೆ ಕಲಸಿದರೆ ಮುದ್ದೆಯಾಗುತ್ತದೆ. ಆಮೇಲೆ ಮೇಲೆ ಎಷ್ಟು ಕಾಯಿ ತುರಿದರೂ ಪ್ರಯೋಜನವಿಲ್ಲ.