ಹೆಬ್ಬಾತುಗಳಿಗೊಂದು ಆಕ್ಷೇಪಣಾ ಪತ್ರ

ಇವರಿಗೆ,
ಪಟ್ಟೆತಲೆ ಹೆಬ್ಬಾತುಗಳು
ಕಾಯಂ ವಿಳಾಸ: ಮಂಗೋಲಿಯಾ, ಟಿಬೆಟ್, ಲಡಾಖ್ ಇತ್ಯಾದಿ
ಚಳಿಗಾಲದ ಮೊಕ್ಕಾಂ: ಮಾಗಡಿ ಕೆರೆ, ಗದಗ ಜಿಲ್ಲೆ

ವಿಷಯ: ಛಾಯಾಗ್ರಹಣಕ್ಕೆ ತಾವು ತೋರುತ್ತಿರುವ ಅಸಹಕಾರದ ಕುರಿತು.

ಮಾನ್ಯರೇ,

ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬಂದು, ನಸುಕಿಗೇ ನಿಮ್ಮ ಕೆರೆ ದಂಡೆಯಲ್ಲಿ ಟ್ರೈಪಾಡ್ ಊರಿ ನಿಂತ ಸಮಸ್ತ ಲೆನ್ಸುಧಾರಿಗಳ ಪರವಾಗಿ ಈ ಪತ್ರ. (ನಮ್ಮಲ್ಲಿ ಕೆಲವರನ್ನು ಮೊಬೈಲಿನ ನಕ್ಷೆ ಮೊದಲು ಕೆಂಪೇಗೌಡರ ಮಾಗಡಿಗೆ ಕರೆದೊಯ್ದಿತ್ತು. ಆ ಸಿಟ್ಟೂ ಇಲ್ಲಿ ಸೇರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

ಮೊದಲ ತಕರಾರು ನಿಮ್ಮ ವೇಳಾಪಟ್ಟಿಯದು. ಬೆಳಕು ಬಂಗಾರದ ಬಣ್ಣಕ್ಕೆ ತಿರುಗುವ ಹೊತ್ತಿಗೆ ನೀವು ಇನ್ನೂ ಹೊಲದಲ್ಲಿ. ಬಿಸಿಲೇರಿ, ಬೆಳಕು ಕೆಟ್ಟು, ನಮ್ಮ ಇಡ್ಲಿ-ವಡೆಯ ಹೊತ್ತಾದ ಮೇಲೆ ಹಿಂಡುಹಿಂಡಾಗಿ ಬಂದು ಕೆರೆಯ ನಟ್ಟನಡುವೆ ಇಳಿಯುತ್ತೀರಿ. ಆಮೇಲೆ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಹುದುಗಿಸಿ ನಿದ್ದೆ. ಚಳಿಗಾಲಕ್ಕೆ ಸುಮಾರು 8,000 ಹಕ್ಕಿಗಳು ಸೇರುವ ಕೆರೆಯಂತೆ ಇದು. ಅಷ್ಟರಲ್ಲಿ ಒಬ್ಬರಿಗಾದರೂ ದಂಡೆಗೆ ಬಂದು, ತಲೆಯ ಮೇಲಿನ ಆ ಎರಡು ಕಪ್ಪು ಗೀರುಗಳನ್ನು ತೋರಿಸಿ ಹೋಗುವ ಸೌಜನ್ಯ ಬೇಡವೇ?

ಅದಕ್ಕೇ ನಮ್ಮವರೊಬ್ಬರು ಚಪ್ಪಾಳೆ ತಟ್ಟಿದ್ದು. ನೀವು ಏಳಲಿಲ್ಲ. ಇನ್ನೊಬ್ಬರು ಒಂದು ಕಲ್ಲು, ಅದೂ ಸಣ್ಣದೇ, ನೀರಿಗೆಸೆದರು. ಎದ್ದಿರಿ ನೋಡಿ! ಸೆಕೆಂಡಿಗೆ ಇಪ್ಪತ್ತು ಫ್ರೇಮು. ಆದರೆ ಅಷ್ಟಕ್ಕೇ ಆ ಪಾಟಿ ಕೂಗಾಟ ಯಾಕೆ? ಹಿಮಾಲಯ ದಾಟಿ ಬಂದವರು ನೀವು. ಬೆನ್ನಿಗೆ ಯಂತ್ರ ಕಟ್ಟಿ ಅಳೆದವರು ನಿಮ್ಮವರೊಬ್ಬರನ್ನು 7,290 ಮೀಟರ್ ಎತ್ತರದಲ್ಲಿ ಪತ್ತೆಹಚ್ಚಿದ್ದಾರೆ. ತೆಳುಗಾಳಿಯಲ್ಲೂ ಆಮ್ಲಜನಕವನ್ನು ಬಾಚಿಕೊಳ್ಳುವ ಹಿಮೋಗ್ಲೋಬಿನ್ ನಿಮ್ಮ ರಕ್ತದಲ್ಲಿದೆ. ಇಷ್ಟೆಲ್ಲ ಇಟ್ಟುಕೊಂಡು, ನಮ್ಮ ಒಂದು ರೀಲಿಗಾಗಿ ಕೆರೆಗೆ ಮೂರು ಸುತ್ತು ಹಾಕಲು ಆಗದೇ?

ಅಳೆದವರೇ 2015ರಲ್ಲಿ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟರು. ಹದ್ದುಗಳ ಹಾಗೆ ರೆಕ್ಕೆ ಹರಡಿ ತೇಲಿಕೊಂಡು ಬರುವ ಸುಖ ನಿಮಗಿಲ್ಲ, ಬಡಿಯುತ್ತಲೇ ಇರಬೇಕು. ಮೇಲೇರಿದಷ್ಟೂ ಗಾಳಿ ತೆಳುವಾಗಿ ಎದೆಬಡಿತ ಏರುತ್ತದೆ, ಶಕ್ತಿ ಸೋರುತ್ತದೆ. ಹಾಗಾಗಿ ಕಷ್ಟಪಟ್ಟು ಏರಿದ ಎತ್ತರವನ್ನೂ ಬಿಟ್ಟುಕೊಟ್ಟು, ಬೆಟ್ಟ ಬಂದರೆ ಏರಿ, ಕಣಿವೆ ಬಂದರೆ ಇಳಿದು ಸಾಗುತ್ತೀರಂತೆ. ಇಷ್ಟೊಂದು ಜಿಪುಣರೇ ನೀವು? ಒಂದೊಂದು ಬಡಿತಕ್ಕೂ ಲೆಕ್ಕವಿಡುವವರ ಜೊತೆ ಕಲಾವಿದರು ಹೇಗೆ ಕೆಲಸ ಮಾಡುವುದು?

ಇನ್ನು ಕೊರಳಪಟ್ಟಿ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ತೊಡಿಸಿದ ನಂಬರು ಪಟ್ಟಿ ಧರಿಸಿಯೇ ನಿಮ್ಮಲ್ಲಿ ಕೆಲವರು ನಮ್ಮ ರಾಜ್ಯದ ಕೆರೆಗಳಿಗೆ ಬಂದಿಳಿಯುತ್ತೀರಿ. ಆ ನಂಬರು ಓದಿ ತಿಳಿಸಿದರೆ ನೀವು ಎಲ್ಲಿಂದ ಎಲ್ಲಿಗೆ ಬಂದಿರೆಂಬುದು ಗೊತ್ತಾಗುತ್ತದೆಯಂತೆ. ಇರಬಹುದು. ಆದರೆ ಚಿತ್ರದಲ್ಲಿ ಅದು ಎದ್ದು ಕಂಡು ಕಣ್ಣಿಗೆ ಚುಚ್ಚುತ್ತದೆ. ಸ್ಪರ್ಧೆಗೆ ಕಳಿಸುವ ಮುನ್ನ ಅದನ್ನು ಅಳಿಸಲು ನಮ್ಮವರೊಬ್ಬರಿಗೆ ಅರ್ಧ ರಾತ್ರಿ ಹಿಡಿಯಿತು.

ನಿಜವಾಗಿ ಹೊಟ್ಟೆ ಉರಿಸಿದ್ದು ನಿಮ್ಮ ಸಹವಾಸ. ರಾತ್ರಿ ಹೊತ್ತು ರೈತರ ಹೊಲದಲ್ಲಿ ಕಡಲೆ, ಶೇಂಗಾ ಮೇಯುತ್ತೀರಿ. ಈ ಅತಿಕ್ರಮಣದ ಬಗ್ಗೆ ಅಲ್ಲಿಯ ಹಿರಿಯರೊಬ್ಬರಲ್ಲಿ ಸಹಾನುಭೂತಿ ತೋರಿಸಲು ಹೋದರೆ, "ತಿಂದ್ರ ತಿನ್ಲಿ ಬಿಡ್ರಿ, ಹಿಕ್ಕಿ ಹಾಕಿ ಹೊಕ್ಕಾವು, ಹೊಲಕ್ಕ ಗೊಬ್ಬರ ಆಕ್ಕೈತಿ. ನೀವು ಕಾರು ಒಂಚೂರು ಆ ಕಡೆ ಹಚ್ರಿ, ಚಕ್ಕಡಿ ಹೋಗ್ಬೇಕು" ಎಂದರು. ಅವರ ಬಳಿ ಬೈನಾಕ್ಯುಲರಿಲ್ಲ. ಚಿಗುರೆಲೆಯ ಚಿತ್ತಾರದ ಅಂಗಿಯಿಲ್ಲ. ಕಂಡ ಹಕ್ಕಿಗಳ ಪಟ್ಟಿಯಂತೂ ಇಲ್ಲವೇ ಇಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಹೆಸರಿನ ಕೆಳಗೆ 'ಪ್ರಕೃತಿಪ್ರೇಮಿ' ಎಂದು ಬರೆದುಕೊಂಡವರು ನಾವು. ನೀವು ಊಟಕ್ಕೆ ಹೋಗುವುದು ಅವರ ಮನೆಗೆ!

ಕೆರೆಯೂ ಅವರದೇ ಎಂಬುದು ಬೇರೆ ಮಾತು. ಹೊಲಗಳಿಗೆ ಮಳೆನೀರು ಹಿಡಿದಿಡಲು ಕಟ್ಟಿದ, ಸುಮಾರು 50 ಹೆಕ್ಟೇರಿನ ಕೆರೆ. 2024ರಲ್ಲಿ ಅದು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಅದರ ಮೇಲೆ ನಮ್ಮ ಹಕ್ಕೂ ತಾನಾಗಿ ಸ್ಥಾಪನೆಯಾಯಿತೆಂದು ನಾವು ನಂಬಿದ್ದೇವೆ.

ಆದಕಾರಣ ಶನಿವಾರ, ಭಾನುವಾರ ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ, ಸೂರ್ಯ ನಮ್ಮ ಬೆನ್ನಿಗಿರುವಂತೆ ನೋಡಿಕೊಂಡು, ದಂಡೆಯಿಂದ ಮೂವತ್ತು ಅಡಿಯೊಳಗೆ ತಾವು ಹಾಜರಿರತಕ್ಕದ್ದು. ಉತ್ತರ ಫೆಬ್ರುವರಿಯೊಳಗೆ ಬರಲಿ. ಮಾರ್ಚಿನಲ್ಲಿ ನೀವು ಊರಿಗೆ ಹೊರಟುಬಿಡುತ್ತೀರಿ. ಉತ್ತರಿಸದಿದ್ದರೆ ಮೇಲಿನವರಿಗೆ ದೂರು ಕೊಡುವ ವಿಚಾರವಿತ್ತು. 7,290 ಮೀಟರಿಗಿಂತ ಮೇಲೆ ಕೂತಿರುವ ಅಧಿಕಾರಿ ಯಾರೂ ಸದ್ಯಕ್ಕೆ ಸಿಕ್ಕಿಲ್ಲ.

ಇಂತಿ,
ದಂಡೆಯ ಮೇಲಿನವರು

ವಿ.ಸೂ.: ಮುಂದಿನ ಭಾನುವಾರ ಡ್ರೋನ್ ತರುತ್ತಿದ್ದೇವೆ. ದಯವಿಟ್ಟು ಸಹಜವಾಗಿರಿ.