ಹೈಡ್ರೋಜನ್ ಪರಮಾಣು: ಬಳಸುವ ಮುನ್ನ ಓದಿ

ಹೈಡ್ರೋಜನ್ ಪರಮಾಣುವನ್ನು ಆರಿಸಿಕೊಂಡಿದ್ದಕ್ಕೆ ಅಭಿನಂದನೆಗಳು. ಆರಿಸಿಕೊಳ್ಳದೆ ನಿಮಗೆ ದಾರಿಯೂ ಇರಲಿಲ್ಲ. ವಿಶ್ವದ ಮಾಮೂಲಿ ದ್ರವ್ಯದಲ್ಲಿ, ತೂಕದ ಲೆಕ್ಕಕ್ಕೆ, ಹೆಚ್ಚುಕಡಿಮೆ ಮುಕ್ಕಾಲು ಪಾಲು ಇದೇ. ಒಳಗೆ ಒಂದು ಪ್ರೋಟಾನ್, ಒಂದು ಎಲೆಕ್ಟ್ರಾನ್ ಇವೆಯೇ ನೋಡಿಕೊಳ್ಳಿ. ಎರಡೆರಡಿದ್ದರೆ ಬೇರೆ ಮಾಲು ಬಂದಿದೆ, ವಾಪಸ್ ಮಾಡಿ.

ಏರಿಸುವ ವಿಧಾನ: ಎಲೆಕ್ಟ್ರಾನ್ ತಳಮಟ್ಟದಲ್ಲಿ ಆರಾಮಾಗಿರುತ್ತದೆ. ಪೂರಾ ಕಿತ್ತುಹಾಕಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು. ನಮಗೆ ಅಷ್ಟು ಬೇಡ. ಎರಡನೇ ಮಟ್ಟಕ್ಕೆ ಬೆಳಕಿನಿಂದಲೇ ಏರಿಸುವುದಾದರೆ ಫೋಟಾನ್ ಸರಿಯಾಗಿ 10.2 ಇರಲಿ. 11 ಕೊಟ್ಟು ನೋಡಿ, ಮುಟ್ಟುವುದೂ ಇಲ್ಲ. ಬೆಳಗಿನ ಮೊದಲ ಟ್ರಿಪ್ಪಿನ ಬಸ್ ಕಂಡಕ್ಟರ್ ಹಾಗೆ, ಚಿಲ್ಲರೆ ಸರಿಯಿದ್ದರೆ ಮಾತ್ರ ಟಿಕೆಟ್. ಇಷ್ಟು ತಾಳ್ಮೆ ಇಲ್ಲದವರು ಗಾಜಿನ ನಳಿಕೆಯಲ್ಲಿ ತೀರಾ ಕಡಿಮೆ ಒತ್ತಡದ ಹೈಡ್ರೋಜನ್ ತುಂಬಿ ಸಾವಿರಾರು ವೋಲ್ಟ್ ಹಾಯಿಸಿ. ಆಗ ಓಡುವ ಎಲೆಕ್ಟ್ರಾನುಗಳು ಪರಮಾಣುವಿಗೆ ಗುದ್ದಿ, ಬೇಕಾದಷ್ಟು ಕೊಟ್ಟು, ಮಿಕ್ಕಿದ್ದನ್ನು ತಾವೇ ಇಟ್ಟುಕೊಂಡು ಮುಂದೆ ಹೋಗುತ್ತವೆ. (ನಳಿಕೆಯ ತುದಿ ಮುಟ್ಟಬೇಡಿ. ಈ ಕೈಪಿಡಿಯಲ್ಲಿ ತಮಾಷೆಗಲ್ಲದೆ ಬರೆದ ವಾಕ್ಯ ಇದೊಂದೇ.)

ಇಳಿಸುವ ವಿಧಾನ: ಇಲ್ಲ. ಅದೇ ಇಳಿಯುತ್ತದೆ, ಇಳಿಯುವಾಗ ಬೆಳಕು ಕೊಡುತ್ತದೆ.

ಬರಿಗಣ್ಣಿಗೆ ನಳಿಕೆ ಗುಲಾಬಿ. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಗ್ರೇಟಿಂಗ್ ಹಿಡಿದು ನೋಡಿದರೆ ಆ ಗುಲಾಬಿ ಬಿಡಿಬಿಡಿ ಗೆರೆಗಳಾಗುತ್ತದೆ: ಮೂರರಿಂದ ಎರಡಕ್ಕೆ ಇಳಿದದ್ದು 656.3 ನ್ಯಾನೋಮೀಟರಿನ ಗಾಢ ಕೆಂಪು, ನಾಲ್ಕರಿಂದ ಎರಡಕ್ಕೆ 486.1ರ ಹಸಿರುನೀಲಿ, ಐದರಿಂದ 434ರ ನೇರಳೆ. 410ರದನ್ನು ಕಾಣಲು ಕೋಣೆಯ ದೀಪ ಆರಿಸಿ, ಕಣ್ಣು ಕತ್ತಲೆಗೆ ಒಗ್ಗುವವರೆಗೂ ಕಾಯಬೇಕು. ಗೆರೆಗಳ ನಡುವೆ ಹೆಚ್ಚುಕಡಿಮೆ ಕಪ್ಪು. ಈ ಅಂಕಿಗಳನ್ನೆಲ್ಲ ಒಂದೇ ಸೂತ್ರಕ್ಕೆ ಕಟ್ಟಿಹಾಕಿದವರು ಬಾಸೆಲ್‌ನ ಶಾಲಾ ಮೇಷ್ಟ್ರು ಬಾಲ್ಮರ್, 1885ರಲ್ಲಿ. ಯಾಕೆ ಹಾಗೆ ಎಂದು ಹೇಳಲು 1913ರಲ್ಲಿ ನೀಲ್ಸ್ ಬೋರ್ ಬರಬೇಕಾಯಿತು. ಕಾರಣ ಗೊತ್ತಿಲ್ಲದೆಯೂ ಉತ್ತರ ಸರಿ ಬರಿಸುವುದು ಗಣಿತದ ಮೇಷ್ಟ್ರುಗಳಿಗೇ ಸರಿ.

ಸಾಮಾನ್ಯ ದೂರುಗಳು: 'ಎರಡರಿಂದ ಒಂದಕ್ಕೆ ಇಳಿಯಿತು, ಬೆಳಕೇ ಕಾಣಲಿಲ್ಲ.' ಬಂದಿದೆ, 121.6 ನ್ಯಾನೋಮೀಟರಿನ ಅತಿನೇರಳೆ. ದೋಷ ನಿಮ್ಮ ಕಣ್ಣಿನದು, ವಾರಂಟಿ ಅನ್ವಯಿಸದು. 'ಇಳಿಯುತ್ತಲೇ ಇಲ್ಲ.' ಎರಡನೇ ಮಟ್ಟದಲ್ಲಿ ಎಸ್, ಪಿ ಎಂಬ ಎರಡು ಬಗೆಯ ಸ್ಥಿತಿಗಳಿವೆ. ಪಿ ಸ್ಥಿತಿಯಲ್ಲಿದ್ದರೆ ಸರಾಸರಿ 1.6 ನ್ಯಾನೋಸೆಕೆಂಡಿನಲ್ಲಿ ಇಳಿದಿರುತ್ತದೆ. ಎಸ್ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೆ, ಯಾರೂ ಕೆಣಕದಿದ್ದರೆ, ಸೆಕೆಂಡಿನ ಎಂಟನೇ ಒಂದು ಭಾಗದಷ್ಟು ಕೂತು, ಒಂದರ ಬದಲು ಎರಡು ಫೋಟಾನ್ ಕೊಟ್ಟು ಇಳಿಯುತ್ತದೆ.

'ಸರಾಸರಿ ಬೇಡ, ನನ್ನ ಪರಮಾಣು ಯಾವಾಗ?' ಎನ್ನುವವರಿಗೆ: ಬಣ್ಣಕ್ಕೆ ಗ್ಯಾರಂಟಿ ಇದೆ, ಮುಹೂರ್ತಕ್ಕೆ ಇಲ್ಲ. ಕಾಲವನ್ನೂ ದಿಕ್ಕನ್ನೂ ಆಕಸ್ಮಿಕಕ್ಕೆ ಬಿಡಬೇಕಾಯಿತಲ್ಲ ಎಂದು 1917ರಲ್ಲಿ ಐನ್‌ಸ್ಟೈನರೇ ಕೊರಗಿದ್ದರು. ನಿಮ್ಮ ದೂರು ಅವರದರ ಹಿಂದಿನ ಸಾಲಿನಲ್ಲಿದೆ.

ತಳಮಟ್ಟದಲ್ಲೂ ಒಂದು ಸಣ್ಣ ಇಳಿತವಿದೆ: ಎಲೆಕ್ಟ್ರಾನಿನ ಸ್ಪಿನ್ ತಿರುಗಿಬಿದ್ದಾಗ 21 ಸೆಂಟಿಮೀಟರಿನ ರೇಡಿಯೋ ಅಲೆ ಬರುತ್ತದೆ. ಸರಾಸರಿ ಕಾಯುವ ಅವಧಿ ಒಂದು ಕೋಟಿ ವರ್ಷಕ್ಕೂ ಹೆಚ್ಚು. ಅವಸರವಿದ್ದರೆ ಒಂದೇ ಪರಮಾಣುವನ್ನು ನೆಚ್ಚಿಕೊಳ್ಳದೆ ಇಡೀ ಆಕಾಶಗಂಗೆಯತ್ತ ಆಂಟೆನಾ ತಿರುಗಿಸಿ. 1951ರಲ್ಲಿ ಭೌತವಿಜ್ಞಾನಿಗಳಾದ ಯುವೆನ್ ಮತ್ತು ಪರ್ಸೆಲ್, ಹಾರ್ವರ್ಡಿನ ಪ್ರಯೋಗಾಲಯದ ಕಿಟಕಿಯಾಚೆ ಕೊಂಬಿನಾಕಾರದ ಆಂಟೆನಾ ಇಟ್ಟು, ಆ ಅಲೆಯನ್ನು ಹಾಗೆಯೇ ಹಿಡಿದರು.