ಹಳೆಯದಕ್ಕೆ ಏನಾಗಿದೆ?

ಆಫೀಸಿನ ಇ-ಮೇಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿಕೊಡುವವರು ಮೊದಲ ಮೀಟಿಂಗಿನಲ್ಲೇ ಒಂದು ಮಾತು ಹೇಳುತ್ತಾರೆ: 'ಬದಲಾಗಿದ್ದು ನಿಮಗೆ ಗೊತ್ತೇ ಆಗಲ್ಲ ಸಾರ್.' 'ನಮಗೇನೂ ಬೇಡ, ಹುಡುಗಿಯನ್ನು ಕಳಿಸಿದರೆ ಸಾಕು' ಎನ್ನುವ ಬೀಗರ ಮಾತನ್ನು ಎಷ್ಟು ನಂಬಬಹುದೋ ಇದನ್ನೂ ಅಷ್ಟೇ ನಂಬಬಹುದು.

2017ರಲ್ಲಿ ಪೀಣ್ಯದ ನಮ್ಮ ಕಾರ್ಖಾನೆ ಸ್ವಂತ ಮೇಲ್ ಸರ್ವರ್ ಬಿಟ್ಟು ಆಫೀಸ್ 365ಕ್ಕೆ ಹೋಗುವುದೆಂದು ತೀರ್ಮಾನವಾಯಿತು. ಸರ್ವರ್ ಹೋಗುವುದಕ್ಕೆ ಯಾರದೂ ತಕರಾರಿರಲಿಲ್ಲ. ಎಸಿ ಕೋಣೆ ಖಾಲಿಯಾಗುತ್ತದೆಂದು ಸ್ಟೋರ್ಸ್‌ನವರಿಗೆ ಖುಷಿಯೇ. ತಕರಾರು ಬಂದದ್ದು ಅಕೌಂಟ್ಸ್‌ನಿಂದ. ಅಲ್ಲಿ ಎಲ್ಲರದೂ ಔಟ್‌ಲುಕ್ 2007. ಮೈಕ್ರೋಸಾಫ್ಟ್ ಅದಕ್ಕೆ ಕೊಡುತ್ತಿದ್ದ ಬೆಂಬಲ ಅಕ್ಟೋಬರ್ 10ಕ್ಕೆ ಮುಗಿಯುವುದಿತ್ತು. ಅದು ಸರ್ವರಿನ ಜತೆ ಮಾತಾಡುವ ಹಳೆಯ ವಿಧಾನ ಅಕ್ಟೋಬರ್ 31ರಿಂದ 365ರಲ್ಲಿ ನಡೆಯುವುದಿಲ್ಲವೆಂದೂ ಸಾರಿಯಾಗಿತ್ತು. ಮಾರನೆಯ ದಿನ ರಾಜ್ಯೋತ್ಸವದ ರಜೆ. ಅಂದರೆ ಏಟು ಬಿದ್ದದ್ದು ನಮಗೆ ತಿಳಿಯುವುದು ನವೆಂಬರ್ 2ಕ್ಕೆ.

'ಜುಲೈ 1ಕ್ಕೆ ಬಂದ ಜಿಎಸ್‌ಟಿಯೇ ಇನ್ನೂ ಅರಗಿಲ್ಲ, ಅಷ್ಟರಲ್ಲಿ ಇದು ಬೇರೆ' ಎಂದರು ಅಕೌಂಟ್ಸ್‌ನ ರಾಯರು. 2007 ಬಂದಾಗ 2003 ಹೋಯಿತಲ್ಲ ಎಂದು ಕೊರಗಿದವರೂ ಇವರೇ. ಎಕ್ಸೆಲ್‌ನ ಸಾಲುಗಳು 65,536ರಿಂದ 10,48,576ಕ್ಕೆ ಏರಿವೆಯೆಂದು ಆಗ ನಾನು ಹಿಗ್ಗಿ ಹೇಳಿದರೆ, 'ಅಷ್ಟು ತುಂಬೋಕೆ ವ್ಯಾಪಾರ ಎಲ್ಲಿದೆಯಪ್ಪಾ?' ಎಂದಿದ್ದರು. ಈಗ ಅದೇ 2007ರ ಪರ ವಕಾಲತ್ತು.

ವ್ಯಾಜ್ಯ ಯಜಮಾನರ ಮುಂದೆ ಹೋಯಿತು. ಅವರು ಕೇಳಿದ್ದು ಒಂದೇ: 'ಹಳೆಯದಕ್ಕೆ ಏನಾಗಿದೆ?'

ಏನೂ ಆಗಿಲ್ಲ. ಕಷ್ಟ ಇರುವುದೇ ಇಲ್ಲಿ. ಲೇತ್ ಆಗಿದ್ದರೆ ಸವೆದ ಬೇರಿಂಗ್ ಬಿಚ್ಚಿ ಕೈಗೆ ಕೊಡಬಹುದಿತ್ತು. ಸಾಫ್ಟ್‌ವೇರ್ ಸವೆಯುವುದಿಲ್ಲ, ಸಿಡಿಯಲ್ಲಿ ಬಂದ ದಿನ ಹೇಗಿತ್ತೋ ಇವತ್ತೂ ಹಾಗೇ ಇದೆ. ಆಚೆ ತುದಿಯವರು ಮಾತು ಬಿಟ್ಟಿದ್ದಾರೆ, ಅಷ್ಟೆ. 'ದುಡ್ಡು ಕೊಟ್ಟು ತಗೊಂಡದ್ದು ತಾನೇ? ಮತ್ತೆ ಹೊಸದಕ್ಕೆ ತಿಂಗಳು ತಿಂಗಳು ಬಾಡಿಗೆ ಯಾಕ್ರೀ?' ಎಂದರು ಯಜಮಾನರು. ಇದಕ್ಕೆ ನನ್ನ ಹತ್ತಿರ ಇವತ್ತಿಗೂ ನೆಟ್ಟಗೆ ಉತ್ತರವಿಲ್ಲ. ಸುರಕ್ಷತೆ ಅಂದೆ. 'ನಮ್ಮ ನಟ್ಟು ಬೋಲ್ಟಿನ ಕೊಟೇಶನ್ ಕದ್ದು ಯಾರು ಉದ್ಧಾರ ಆಗ್ತಾರೆ?' ಅಂದರು.

ಕೊನೆಗೆ ರಾಜಿಯಾಯಿತು. ಹಳೆಯ ಔಟ್‌ಲುಕ್‌ಗೇ ಐಮ್ಯಾಪ್ ಎಂಬ ಬೇರೆ ದಾರಿ ಹಾಕಿಕೊಟ್ಟರೆ ಮೇಲ್ ಬರುತ್ತದೆ, ಕ್ಯಾಲೆಂಡರ್ ಮಾತ್ರ ಬರುವುದಿಲ್ಲ ಎಂದೆ. 'ಅದಕ್ಕೇನು, ಅಲ್ಲಿದೆಯಲ್ಲ' ಎಂದು ರಾಯರು ಗೋಡೆಯಲ್ಲಿ ತೂಗುತ್ತಿದ್ದ, ರಾಹುಕಾಲ ಗುಳಿಕಕಾಲ ಸಮೇತದ ಕ್ಯಾಲೆಂಡರ್ ತೋರಿಸಿದರು.

ಸಾಗಾಟ ನಡೆದದ್ದು ದಸರಾ ರಜೆಯಲ್ಲಿ. ಆಯುಧಪೂಜೆಗೆ ಸರ್ವರಿಗೂ ಕುಂಕುಮ ಹಚ್ಚಿ, ಮಾರನೆಯ ದಿನ ಅದನ್ನು ಆರಿಸಿದೆವು. ರಾಯರ ಹಳೆಯ ಮೇಲುಗಳಿದ್ದ ಪಿಎಸ್‌ಟಿ ಫೈಲು 2003ಕ್ಕೂ ಹಿಂದಿನ ಜಾತಿಯದು, 2 ಜಿಬಿ ಮುಟ್ಟಿದರೆ ಕೆಡುವಂಥದ್ದು. ಅದು ಆ ಗಡಿಯ ಹತ್ತಿರವೇ ಇತ್ತು. ತೆರೆದು ನೋಡಿದರೆ ಬಹುಪಾಲು ಯಾರ್ಯಾರೋ ಕಳಿಸಿದ ಹಬ್ಬದ ಶುಭಾಶಯದ ಚಿತ್ರಗಳು. 'ಒಂದನ್ನೂ ಅಳಿಸಬೇಡಿ, ಮಧ್ಯೆ ಎಲ್ಲೋ ಸೇಲ್ಸ್ ಟ್ಯಾಕ್ಸಿನವರ ಪತ್ರ ಇದೆ' ಎಂದರು.

ರಜೆ ಮುಗಿದ ಮೇಲೆ ರಾಯರು ಕ್ಯಾಶಿಯರಿಗೆ ಮೇಲ್ ಕಳಿಸಿದರು. ಇಂಥವರು ಇಲ್ಲ ಎಂದು ವಾಪಸು ಬಂತು. ರಾಯರು ಎದ್ದು ನಿಂತು ಪಾರ್ಟಿಶನ್ ಮೇಲಿಂದ ಇಣುಕಿದರು. 'ಇಲ್ಲೇ ಕೂತು ಚಕ್ಕುಲಿ ತಿಂತಿದಾನಲ್ರೀ!' ಹೆಸರಿನ ಮೊದಲ ಅಕ್ಷರ ಒತ್ತಿದರೆ ಔಟ್‌ಲುಕ್ ತಾನೇ ಪೂರ್ತಿ ಮಾಡುತ್ತದಲ್ಲ, ಆಫೀಸಿನೊಳಗಿನವರ ಮಟ್ಟಿಗೆ ಅದು ನೆನಪಿಟ್ಟುಕೊಂಡಿರುವುದು ಕಣ್ಣಿಗೆ ಕಾಣುವ ವಿಳಾಸವನ್ನಲ್ಲ, ಹಳೆಯ ಸರ್ವರ್ ಕೊಟ್ಟಿದ್ದ ಒಳಗುರುತನ್ನು. ಸರ್ವರ್ ಗುಜರಿಗೆ ಹೋದರೂ ಆ ನೆನಪು ಹೋಗಿರುವುದಿಲ್ಲ. ಒಂದೊಂದೇ ಹೆಸರು ಅಳಿಸಿ ಹೊಸದಾಗಿ ಟೈಪ್ ಮಾಡಬೇಕೆಂದೆ. ರಾಯರು ಅಂದಿನಿಂದ ಕ್ಯಾಶಿಯರನ್ನು ಕೂಗಿ ಕರೆಯತೊಡಗಿದರು. ಕೆಲಸ ಬೇಗ ಆಗುತ್ತಿತ್ತು ಎಂಬುದನ್ನು ಒಪ್ಪಬೇಕು.

ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದಿದ್ದ ಕನ್ನಡ ಪತ್ರಗಳ ಕಥೆಯೇ ಬೇರೆ. ಆ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಡೆ ಕೊಂಬು ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. 365ರ ಮೇಲನ್ನು ಬ್ರೌಸರಿನಲ್ಲಿ ತೆರೆದಾಗ ಕಂಡದ್ದೂ ಅವೇ. 'ನೋಡಿ, ನಿಮ್ಮ ಹೊಸದಕ್ಕೆ ಕನ್ನಡ ಬರಲ್ಲ. ಅದೂ ರಾಜ್ಯೋತ್ಸವದ ಹೊತ್ತಲ್ಲಿ!' ಎಂದು ರಾಯರು ಇಡೀ ಅಕೌಂಟ್ಸ್‌ಗೆ ಕೇಳುವ ಹಾಗೆ ಹೇಳಿದರು.

ಐಮ್ಯಾಪ್‌ನ ಹಿಂಬಾಗಿಲೂ ಮುಚ್ಚತೊಡಗಿದ್ದು 2022ರ ಅಕ್ಟೋಬರಿನಲ್ಲಿ. ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ಹಳೆಯ ಪದ್ಧತಿಯನ್ನೇ ಆಗ ನಿಲ್ಲಿಸಿದರು. ಯಜಮಾನರು ಗೊಣಗುತ್ತಲೇ ಬಾಡಿಗೆಗೆ ಒಪ್ಪಿದರು. ರಾಯರೂ ಆಗಲೇ ನಿವೃತ್ತರಾದರು. ಬೀಳ್ಕೊಡುಗೆಯಲ್ಲಿ ಯಜಮಾನರು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ರಾಯರ ಕಂಪ್ಯೂಟರನ್ನೂ ಅವರಿಗೇ ಕೊಟ್ಟುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು.

ಜಿಎಸ್‌ಟಿ ಸಲಹೆಗೆಂದು ರಾಯರು ಈಗ ವಾರಕ್ಕೆ ಎರಡು ದಿನ ಆಫೀಸಿಗೆ ಬರುತ್ತಾರೆ. ಮೊದಲ ದಿನವೇ ಆ ಸಿಪಿಯುವನ್ನು ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದಿಳಿದರು.